ದೇವರ ಪಾಲಿನ ಚಿಪ್ಸ್

ಲಗ್ಗೆರೆಯ ನಮ್ಮ ಬೀದಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕ, ಗಂಡ ಹೆಂಡತಿ ನಡೆಸುವ ಒಂದು ಹಾಟ್ ಚಿಪ್ಸ್ ಅಂಗಡಿ ಇದೆ. ನಾನು ಅಲ್ಲಿಗೆ ಮೊದಲು ಹೋದ ದಿನ ಮಳೆ ಬರುತ್ತಿತ್ತು ಎಂದು ಬರೆದು, ಹೊಡೆದುಹಾಕಿದೆ. ಬಾಣಲೆಯ ಚಟಪಟವನ್ನೇ ನನ್ನ ನೆನಪು ಈಗ ಮಳೆ ಮಾಡಿಕೊಂಡಿರಬಹುದು.

ಅವ್ವ ಆಗಷ್ಟೇ ಬಾಗಲಕೋಟೆ ಕಡೆಯಿಂದ ಬಂದು ನನ್ನ ಬಾಡಿಗೆ ಮನೆ ಸೇರಿದ್ದಳು. ಬಿಪಿ ಏರಿ, ಎದೆ ಸೋತು, ಉಪ್ಪು ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿದ್ದರು. ಉಪ್ಪಿಲ್ಲದ ಊಟಕ್ಕೆ ಅವಳು ಒಗ್ಗಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುವಳು. ಕೈಬಳೆ ಮೊಣಕೈವರೆಗೆ ಜಾರತೊಡಗಿತ್ತು.

"ಕುರುಕುರು ಅನ್ನೂದು ಏನರೆ ತಾ," ಎಂದಳು ಒಂದು ದಿನ.

ಉಪ್ಪಿಲ್ಲದ್ದಾದರೆ ಒಂದು ಹಿಡಿ ಆಗಬಹುದೇ ಎಂದು ಡಾಕ್ಟರನ್ನು ಕೇಳಿಕೊಂಡು, ಅಂಗಡಿಗೆ ಹೋಗಿ "ಸಪ್ಪನ ಚಿಪ್ಸ್ ಕೊಡ್ರಿ" ಎಂದೆ. ಕೊಟ್ಟರು. ಅವ್ವ ಸದ್ದಿಲ್ಲದೆ ತಿಂದಳು. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಅವಳ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ.

ಜಗಳಕ್ಕೆಂದೇ ಹೋದೆ.

"ಸಪ್ಪೆದೇ ಕೊಟ್ಟಿದ್ದು ಕಣಕ್ಕ. ಖಾರ ಒಂಚೂರೂ ಹಾಕಿಲ್ಲ," ಎಂದರು ಅಂಗಡಿಯವರು.

"ಉಪ್ಪು?"

"ಉಪ್ಪಿಲ್ದೆ ಚಿಪ್ಸಾ?"

ನಮ್ಮ ಕಡೆ ಸಪ್ಪನ ಎಂದರೆ ಉಪ್ಪಿಲ್ಲದ್ದು. ಅವರಲ್ಲಿ ಸಪ್ಪೆ ಎಂದರೆ ಖಾರದಪುಡಿ ಇಲ್ಲದ್ದು. ಅವ್ವನಿಗೆ ಮೊದಲ ತುಣುಕಿಗೇ ಗೊತ್ತಾಗಿತ್ತು. ಕೇಳಿದರೆ ಗೋಡೆ ಕಡೆ ತಿರುಗಿ, "ನೀ ತಂದಿ, ನಾ ತಿಂದೆ," ಎಂದಳು.

ಅವರು ಕಾದ ಎಣ್ಣೆಗೇ ಉಪ್ಪುನೀರು ಚಿಮುಕಿಸುವವರು. ಉಪ್ಪಿಲ್ಲದ್ದು ಬೇಕೆಂದರೆ ಬೆಳಗಿನ ಹೊಸ ಎಣ್ಣೆಯಲ್ಲಿ ಕರಿದ ಮೊದಲ ಒಬ್ಬೆಯೇ ಆಗಬೇಕು. ಅದರಲ್ಲಿ ಒಂದು ಹಿಡಿ ದೇವರ ಪಟದ ಮುಂದೆ ಹೋಗುತ್ತಿತ್ತು.

"ಅದುನ್ನ ಉಪ್ಪಿಲ್ದೆ ಕರೀರಿ, ಇವ್ರಮ್ಮಂಗೆ ಕೊಡಣ," ಎಂದಳು ಹೆಂಡತಿ.

"ದೇವ್ರಿಗೆ?"

"ದೇವ್ರಿಗೇನು ಅರ್ಜೆಂಟು? ಎರಡನೇದ್ರಲ್ಲಿ ತಗೋತಾನೆ. ಅವ್ನಿಗೆ ಬಿಪಿ ಇಲ್ವಲ್ಲ."

ಆದರೆ ಗಂಡನ ಕೈ ವರ್ಷಗಳ ಅಭ್ಯಾಸದಿಂದ ತಾನಾಗಿಯೇ ಉಪ್ಪುನೀರಿನ ಬೋಗುಣಿಗೆ ಹೋಗುತ್ತಿತ್ತು. ಎರಡು ಸಲ ಒಬ್ಬೆ ಕೆಟ್ಟಿತು. ಮೂರನೆಯ ದಿನ ಹೆಂಡತಿ ಆ ಬೋಗುಣಿಯನ್ನೇ ಒಯ್ದು ಗಿರಣಿಯಲ್ಲಿಟ್ಟಳು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಗಿರಣಿಯವರು ಹಿಟ್ಟು ಮೆತ್ತಿದ ಮುಖದಲ್ಲಿ ಕೂಗುವರು: "ಆಯ್ತೇನಕ್ಕಾ? ಕೊಡ್ಲಾ ನಿಮ್ಮ ಸಮುದ್ರ?"

ಅವ್ವ ಆ ಒಂದು ಹಿಡಿಯನ್ನು ರೊಟ್ಟಿಯ ಮೇಲೆ ಪುಡಿಮಾಡಿಕೊಂಡು ಉಣ್ಣತೊಡಗಿದಳು. ಮೊದಲು ಅರ್ಧ ರೊಟ್ಟಿ. ಎಷ್ಟು ವಾರಕ್ಕೆ ಒಂದಾಯಿತೋ ಹೇಳಲಾರೆ. ಮೂರು ಎಂದು ನಾನು, ಮಳೆಗಾಲ ಪೂರ್ತಿ ಎಂದು ಅವಳು. ಬಳೆ ಮಣಿಕಟ್ಟಿನಲ್ಲಿ ನಿಂತದ್ದು ಮಾತ್ರ ಇಬ್ಬರೂ ಒಪ್ಪುವ ಸಂಗತಿ.

ಚಳಿ ಶುರುವಾದಾಗ ಡಾಕ್ಟರು ಚಿಟಿಕೆ ಉಪ್ಪಿಗೆ ಒಪ್ಪಿದರು. ಮರುದಿನ ಬೆಳಗ್ಗೆ ಅವ್ವ ತಾನೇ ಅಂಗಡಿಗೆ ನಡೆದಳು, ನಾನು ಹಿಂದೆ. ಸುದ್ದಿ ಕೇಳಿ ಅಂಗಡಿಯವರು ಖುಷಿಯಿಂದ, ಎಲ್ಲರಿಗೂ ಮಾರುವ ನಿನ್ನೆಯ ಚಿಪ್ಸಿನ ಡಬ್ಬಿ ತೆಗೆದು ಒಂದು ಚಿಪ್ಸ್ ಕೈಗಿಟ್ಟರು.

ಅವ್ವ ಕಚ್ಚಿ, ಮುಖ ಕಿವುಚಿದಳು.

"ಅಯ್ಯ, ಬರೇ ಉಪ್ಪು. ಮಂದಿ ಹೆಂಗರೆ ತಿಂತಾರೋ. ನಂದು ಐತೇನವ್ವಾ?"

"ಇರಮ್ಮ, ಎಣ್ಣೆ ಈಗ ಕಾಯ್ತಾ ಇದೆ," ಎಂದಳು ಹೆಂಡತಿ.

ಬೋಗುಣಿ ಇನ್ನೂ ಗಿರಣಿಯಲ್ಲೇ ಇತ್ತು.