ಹಕ್ಕಿ ಬಿತ್ತಿದ ಬೇಲಿ

ಪುಟ್ಟಸಿದ್ದಯ್ಯನ ಹೊಲ ಯಳಂದೂರಿನಿಂದಾಚೆ, ಬೆಟ್ಟದ ಕಾಡು ಮುಗಿಯುವ ಕಡೆ ಇತ್ತು. ಮೂರೆಕರೆ ರಾಗಿ ಹೊಲ, ನಡುನಡುವೆ ಅವರೆ ಸಾಲು. ಸುತ್ತಲೂ ಆಳೆತ್ತರದ ಹಸಿರುಬೇಲಿ. ಆ ಬೇಲಿಯಲ್ಲಿ ಅವನು ಕೈಯಾರೆ ನೆಟ್ಟ ಗಿಡ ಒಂದೂ ಇರಲಿಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಇಪ್ಪತ್ತು ವರ್ಷ ಮುಂಚಿನ ಮಾತು. ಊರಿನವರೆಲ್ಲ ಕಾಡಿನಿಂದ ಮುಳ್ಳು ಕಡಿದು ತಂದು ಒಣಬೇಲಿ ಹಾಕುತ್ತಿದ್ದರು. ಗಾಡಿ ಮುಳ್ಳಿಗೆ ಕಾಡು ಕಾಯುವ ಗಾರ್ಡಿಗೆ ಒಂದು ಕೋಳಿ ಲಂಚ. ಎರಡು ಮಳೆಗೆ ಗೆದ್ದಲು ಹಿಡಿದು ಬೇಲಿ ಕುಸಿಯುತ್ತಿತ್ತು. ಮತ್ತೆ ಗಾಡಿ, ಮತ್ತೆ ಕೋಳಿ. ಪುಟ್ಟಸಿದ್ದಯ್ಯ ಇನ್ನು ಕೋಳಿ ಕೊಡುವುದಿಲ್ಲ ಎಂದ. ಎಲ್ಲೆಯುದ್ದಕ್ಕೂ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಕತ್ತಾಳೆ ನಾರಿನ ಹಗ್ಗ ಬಿಗಿದು, ಅದರ ಕೆಳಗೆ ಒಂದು ಸಾಲು ಉತ್ತು ಬಿಟ್ಟ. ಕಾಡಿನಲ್ಲಿ ಹಣ್ಣು ತಿಂದ ಪಿಕಳಾರ, ಗೊರವಂಕ ಬಂದು ಹಗ್ಗದ ಮೇಲೆ ಕೂತವು, ಹಿಕ್ಕೆ ಹಾಕಿದವು. ಹಿಕ್ಕೆಯಲ್ಲಿದ್ದ ಬೀಜ ಮಳೆಗೆ ಮೊಳೆಯಿತು.

ಊರು ನಕ್ಕಿತು. ಪಕ್ಕದ ಹೊಲದ ಗುರುಮಲ್ಲಪ್ಪ ಕಂಡಾಗಲೆಲ್ಲ ಕೇಳುತ್ತಿದ್ದ:

"ಏನ್ಲಾ ಸಿದ್ದಾ, ಇವತ್ತೆಷ್ಟು ಆಳು ಬಂದಿದ್ರು ನಿನ್ನ ಹೊಲಕ್ಕೆ ಹೇಲಾಕೆ?"

ಎಂಟು ವರ್ಷಕ್ಕೆ ಕಾರೆ, ತುಗ್ಗಲಿ, ಸೀಗೆ ಹೆಣೆದುಕೊಂಡು ಹಂದಿಯ ಮೂತಿ ತೂರದ ಹಾಗೆ ದಟ್ಟವಾದಾಗ ನಗು ನಿಂತಿತು. ಬೇಲಿಯೊಳಗೆ ಮುಂಗುಸಿ ಸೇರಿತು, ಹೊಲದಲ್ಲಿ ಇಲಿ ಕಾಟ ಕಮ್ಮಿಯಾಯಿತು. ಕೌಜುಗ ಮೊಟ್ಟೆಯಿಟ್ಟಿತು. ಅವರೆಕಾಯಿಯ ಹುಳವನ್ನು ಹಕ್ಕಿಗಳೇ ಹೆಕ್ಕಿದವು. ಪುಟ್ಟಸಿದ್ದಯ್ಯ ವರ್ಷಕ್ಕೊಂದು ಸಲ, ಗೂಡುಗಳೆಲ್ಲ ಖಾಲಿಯಾದ ಮೇಲೆ, ಮಚ್ಚು ಹಿಡಿದು ಮೇಲೆ ಮತ್ತು ಹೊರಮೈ ಮಾತ್ರ ಸವರುತ್ತಿದ್ದ. ಒಳಕ್ಕೆ ಯಾರೂ ಕೈಹಾಕುವಂತಿರಲಿಲ್ಲ. ಅಲ್ಲಿರುವ ಜೀವಗಳು ನನ್ನ ಕೂಲಿಯಾಳುಗಳು, ಅವರ ಮನೆಗೆ ನಾನೇಕೆ ನುಗ್ಗಲಿ ಎನ್ನುತ್ತಿದ್ದ.

ಅವನು ಎಡವಿದ್ದು ಇಲ್ಲೇ. ಹಕ್ಕಿ ಕಾರೆಹಣ್ಣನ್ನಷ್ಟೇ ತಿನ್ನುವುದಿಲ್ಲ, ಗಂಧದ ಹಣ್ಣನ್ನೂ ತಿನ್ನುತ್ತದೆ. ಮೈಸೂರು ಸೀಮೆಯಲ್ಲಿ ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಅರಮನೆಯದು. ಕಾಯುವ ಭಾರ ಮಾತ್ರ ಹೊಲದವನದು. ಮರ ಕಳುವಾದರೆ ಮೊದಲು ಹಿಡಿಯುವುದು ಅವನನ್ನೇ. ಹಾಗಾಗಿ ನಮ್ಮ ಕಡೆ ಬದುವಿನಲ್ಲಿ ಗಂಧದ ಎರಡೆಲೆ ಕಂಡರೆ ಹಾವು ಕಂಡವರಂತೆ ಕಿತ್ತೆಸೆಯುತ್ತಿದ್ದರು. ಮಗ್ಗುಲಲ್ಲೇ ಇದ್ದ ಕೊಳ್ಳೇಗಾಲ ಆಗ ಮದ್ರಾಸಿನ ಆಡಳಿತಕ್ಕೆ ಸೇರಿತ್ತು. ಇಲ್ಲಿ ಕದ್ದ ಮರ ಗಡಿ ದಾಟಿದರೆ ಕೇಳುವವರಿರಲಿಲ್ಲ.

ಹೆಂಡತಿ ಮಾದೇವಮ್ಮ ಸೌದೆ ಆಯುವಾಗ ಗಿಡವನ್ನು ಕಂಡಿದ್ದಳು. ಇನ್ನೂ ಬೆರಳು ಗಾತ್ರ. "ಒಳೀಕೆ ಗಂಧ ಉಟ್ಕಂಡದೆ, ಕಿತ್ತಾಕಿ" ಎಂದಳು. ಅದರ ಪಕ್ಕದ ಕಾರೆಯಲ್ಲಿ ಗೂಡಿತ್ತು. ಮರಿ ಹಾರಲಿ, ಆಮೇಲೆ ನೋಡುವ ಎಂದ ಪುಟ್ಟಸಿದ್ದಯ್ಯ. ಆಮೇಲೆ ಮಳೆ ಬಂತು, ಉಳುಮೆ ಬಂತು, ಮರೆತ.

ಆರು ವರ್ಷದ ಮೇಲೆ ಗಂಧ ಬೇಲಿಯಿಂದ ತಲೆ ಎತ್ತಿದಾಗ ಗಾರ್ಡಿನ ಕಣ್ಣಿಗೆ ಬಿತ್ತು. ಅವನು ತೊಗಟೆ ಹೆರೆದು ಟಾರಿನಲ್ಲಿ ನಂಬರು ಬರೆದ, ರಿಜಿಸ್ಟರಿನಲ್ಲಿ ಪುಟ್ಟಸಿದ್ದಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡ. ಇನ್ನು ಅದನ್ನು ಕಿತ್ತರೂ ಜೈಲು, ಬಿಟ್ಟರೂ ಭಯ. ಇನ್ನೂ ಆರೇಳು ವರ್ಷ ಪುಟ್ಟಸಿದ್ದಯ್ಯ ಒಂದು ದಿನವೂ ಊರು ಬಿಡದೆ ಅದನ್ನು ಕಾದ.

ಮಾಂಬಳ್ಳಿಯಲ್ಲಿದ್ದ ಅವನ ಅಕ್ಕ ಸತ್ತಾಗ ಮಣ್ಣಿಗೆ ಹೋಗಲೇಬೇಕಾಯಿತು. ಗಂಡ ಹೆಂಡಿರು ಬೆಳಿಗ್ಗೆ ಹೋಗಿ ಸಂಜೆಗೆ ಬಂದರು. ಅಷ್ಟರಲ್ಲಿ ಮರ ಇರಲಿಲ್ಲ. ಮೊಳದೆತ್ತರದ ಬೊಡ್ಡೆ, ಸುತ್ತ ಗರಗಸದ ಹೊಟ್ಟು. ಹಾಡುಹಗಲೇ ಕೊಯ್ದಿದ್ದರು. ತನ್ನ ಹೊಲದ ಆಚೆ ತುದಿಯಲ್ಲಿ ಕಳೆ ಕೀಳುತ್ತಿದ್ದ ಗುರುಮಲ್ಲಪ್ಪನಿಗೂ ಕೊಯ್ದವರು ಕಾಣಿಸಿರಲಿಲ್ಲ, ಬೇಲಿ ಅಷ್ಟು ದಟ್ಟ.

ಗುರುಮಲ್ಲಪ್ಪ ಸುಮ್ಮನಿರು ಎಂದ. ಗಾರ್ಡು ತಾನಾಗಿ ಬರಲಿ, ಅಷ್ಟರಲ್ಲಿ ಪಟೇಲರನ್ನು ಹಿಡಿಯುವ ಎಂದ. ಪುಟ್ಟಸಿದ್ದಯ್ಯ ಕೇಳಲಿಲ್ಲ, ತಾನೇ ನಡೆದುಕೊಂಡು ಹೋಗಿ ಗಾರ್ಡಿನ ಮುಂದೆ ನಿಂತ.

"ನಾನೇ ಬಂದು ಯೋಳ್ತಾ ಇವ್ನಿ ಬುದ್ದಿ. ಕದ್ದೋನಾದ್ರೆ ಬಂದು ಯೋಳ್ತಿದ್ನಾ?"

"ಕದ್ದೋರಲ್ಲಿ ಬುದ್ವಂತ್ರು ಇಂಗೇ ಬರೋದು ಕಣ್ಲಾ" ಎಂದ ಗಾರ್ಡು.

ಚಾವಡಿಯ ಕಂಬಕ್ಕೆ ಕಟ್ಟಿ, ಮರ ಎಲ್ಲಿಗೆ ಸಾಗಿಸಿದೆ ಹೇಳು ಎಂದು ಹೊಡೆದರು. ಅವನಿಗೆ ಗೊತ್ತಿದ್ದರೆ ತಾನೆ ಹೇಳುವುದು? ಎಡಗೈಯ ಎರಡು ಬೆರಳು ಮುರಿದವು. ಆರು ತಿಂಗಳು ಜೈಲಾಯಿತು. ಕದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ, ಹುಡುಕಿದವರೂ ಇಲ್ಲ.

ಅವನು ಜೈಲಿನಲ್ಲಿದ್ದಾಗ ಮಾದೇವಮ್ಮ ಮುಳ್ಳಿನಡಿ ತೆವಳಿಕೊಂಡು ಬೇಲಿಯ ಒಳಗೆಲ್ಲ ಹುಡುಕಿದಳು. ಗಂಧದ ಸಸಿ ಹನ್ನೊಂದು ಸಿಕ್ಕವು. ಕಣ್ತಪ್ಪಿ ಉಳಿದವು ಎಷ್ಟಿವೆಯೋ. ಮಾರನೆಯ ದಿನ ಮೈದುನ ಜಡೇಸ್ವಾಮಿಯನ್ನು ಕರೆದು, ಇಡೀ ಬೇಲಿಯನ್ನೇ ತೆಗೆಯಲು ಕೊಡಲಿ ಕೊಟ್ಟಳು. ಅವನು ಹಿಂಜರಿದ. ಅಣ್ಣನ ಅರ್ಧ ಆಯುಷ್ಯ ಇದು, ಅವನೇ ಬಂದು ತೀರ್ಮಾನ ಮಾಡಲಿ ಎಂದ.

"ನಿಮ್ಮಣ್ಣ ಬಂದ್ರೆ ಕಡಿಯಾಕೆ ಬುಡಾಕಿಲ್ಲ ಕಣಪ್ಪ. ಬೇಲಿ ಓದ್ರೆ ರಾಗಿ ಓಯ್ತದೆ. ಇನ್ನೊಂದು ಮರ ಓದ್ರೆ ನಿಮ್ಮಣ್ಣನೇ ಓಯ್ತನೆ. ಕಡಿ."

ಎಂಟು ದಿನ ಕಡಿದರು. ಗೂಡು ಕಟ್ಟುವ ಕಾಲ ಅದು. ಮೊಟ್ಟೆ ಒಡೆದವು, ಕಣ್ಣು ಬಿಡದ ಮರಿಗಳನ್ನು ಕಾಗೆ ಎತ್ತಿಕೊಂಡು ಹೋದವು. ಬೇರು ಅಗೆದು, ಎಲ್ಲವನ್ನೂ ಒಟ್ಟಿ ಬೆಂಕಿ ಹಾಕಿದರು. ಅಕ್ಕಪಕ್ಕದ ಹೊಲದವರೂ ನೋಡಿ ತಮ್ಮ ಬದುಗಳನ್ನು ಬೋಳು ಮಾಡಿಕೊಂಡರು.

ಪುಟ್ಟಸಿದ್ದಯ್ಯ ಬಿಡುಗಡೆಯಾಗಿ ಬಂದಾಗ ಹೊಲ ದೂರದಿಂದಲೇ ಕಾಣಿಸಿತು. ಮೊದಲು ಹಾಗೆ ಕಾಣುತ್ತಿರಲಿಲ್ಲ. ಬದುವಿನ ಸುತ್ತ ಒಂದು ಸಲ ನಡೆದ. ಹೆಂಡತಿಯನ್ನು ಕೇಳಿದ್ದು ಒಂದೇ:

"ಬೇರು?"

"ಅದ್ನೂ ಕಿತ್ತಿವ್ನಿ."

ಸರಿ ಎಂದು ಊಟಕ್ಕೆ ಕೂತ.

ಮುಂದಿನ ಬೆಳೆ ತೆನೆ ಕಟ್ಟುವ ಹೊತ್ತಿಗೆ ಹಂದಿ ಅರ್ಧ ಹೊಲ ಮುಗಿಸಿತ್ತು. ಗಾರ್ಡು ತನಿಖೆಗೆ ಬಂದ. ನಾಲ್ಕೂ ಬದು ನೋಡಿ, ಹೊಲ ಈಗ ಚೊಕ್ಕಟವಾಗಿದೆ, ಹೀಗೇ ಇಟ್ಟುಕೋ ಎಂದ. ರಿಜಿಸ್ಟರಿನಲ್ಲಿ ಗಂಧ ಇಲ್ಲ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಹೋಗುವಾಗ ಸುತ್ತು ಹೊಡೆಯುವುದೇಕೆಂದು, ಉಳಿದಿದ್ದ ಪೈರಿನ ನಡುವೆಯೇ ನಡೆದ. ಪುಟ್ಟಸಿದ್ದಯ್ಯ ಹಿಂದೆಯೇ ಹೋಗಿ, ಬೂಟು ತುಳಿದ ರಾಗಿಯನ್ನು ಒಂದೊಂದೇ ಎತ್ತಿ ನಿಲ್ಲಿಸತೊಡಗಿದ.