ಬೀಗರೂಟದ ಉಪ್ಪು

ಮಂಡ್ಯದ ನಮ್ಮ ಬೀದಿಯಲ್ಲಿ ಮದುವೆಗೆ ಬಾರದಿದ್ದರೂ ಕ್ಷಮೆಯುಂಟು, ಬೀಗರೂಟಕ್ಕೆ ಬಾರದಿದ್ದರೆ ಇಲ್ಲ. ಇಲ್ಲಿರುವವರೆಲ್ಲ ಹೆಚ್ಚುಕಮ್ಮಿ ಕೆರಗೋಡು, ಮಳವಳ್ಳಿ ಕಡೆಯಿಂದ ನೌಕರಿ ಹಿಡಿದು ಬಂದವರು. ಸಂಬಳ ಪೇಟೆಯದು, ಉಣ್ಣುವ ಅಕ್ಕಿ ಇನ್ನೂ ಊರ ಗದ್ದೆಯದು. ಛತ್ರದ ಪಾಯಸವನ್ನು ಶಾಸ್ತ್ರಕ್ಕೆ ಉಂಡು ಬರುತ್ತಾರೆ. ಆಮೇಲೆ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿ, ಬೀಗರನ್ನು ಕರೆದು ಮುದ್ದೆ, ಬಾಡಿನ ಸಾರು ಬಡಿಸುವ ದಿನವೇ ಅವರಿಗೆ ನಿಜವಾದ ಮದುವೆ. ಸಾರು ಕೆಟ್ಟಿದ್ದರೆ ಎಲೆ ಮುಂದೆ ಕೂತೇ ಬೈಯುತ್ತಾರೆ.

ಹಾಗಾಗಿ ಸಾರು ಇಳಿಸುವ ಮುಂಚೆ ಬೀದಿಯ ಹಿರಿಯನೊಬ್ಬನನ್ನು ಕರೆದು ಉಪ್ಪು ನೋಡಿಸುವುದು ನಮ್ಮಲ್ಲಿ ರೂಢಿ. ಅಡುಗೆಯವನು ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಡುತ್ತಾನೆ. ನೆಕ್ಕಿ "ಇಳ್ಸು" ಅಂದರೆ ಇಳಿಸಬೇಕು. ವರ್ಷಗಟ್ಟಲೆ ಆ ಅಂಗೈ ನನ್ನದಾಗಿತ್ತು. ಕಚೇರಿಯಲ್ಲಿ ನನ್ನ ಮಾತಿಗೆ ಕವಡೆ ಕಾಸಿನ ಬೆಲೆ ಇರಲಿಲ್ಲ. ನಿವೃತ್ತನಾದ ಮೇಲೆ ಮನೆಯ ಟಿವಿ ರಿಮೋಟೂ ಕೈತಪ್ಪಿತು. ಉಳಿದದ್ದು ಈ ಒಂದು "ಇಳ್ಸು" ಮಾತ್ರ.

ಅದಕ್ಕೂ ಕಲ್ಲು ಬಿತ್ತು. ಮಳವಳ್ಳಿ ಕಡೆಯ ಪೂರಿಗಾಲಿಯವನೊಬ್ಬ ಮೂಲೆ ಮನೆಗೆ ಬಾಡಿಗೆಗೆ ಬಂದ. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ, ಬೈಕಿನಲ್ಲಿ ಓಡಾಟ, ನನ್ನ ಮಗನ ವಯಸ್ಸು. ಮೊದಮೊದಲು ಎಲೆ ಹಾಕಿದ, ನೀರು ಕೊಟ್ಟ. ಬರಬರುತ್ತಾ ಅಡುಗೆಯವರು ಅವನನ್ನೇ ಕರೆದು ಉಪ್ಪು ನೋಡಿಸತೊಡಗಿದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಬೆಳಿಗ್ಗೆ ಅವನ ಬೈಕಿನ ಸದ್ದು ಕೇಳಿದರೆ ಸಾಕು, ಇಡೀ ದಿನ ಕೆಟ್ಟುಹೋಗುತ್ತಿತ್ತು.

ಹೋದ ತಿಂಗಳು ಎದುರು ಮನೆಯ ಬೀಗರೂಟ. ನಾನು ಎಲ್ಲರಿಗಿಂತ ಮುಂಚೆ ಹೋಗಿ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತೆ. ಆದರೂ ಯಜಮಾನ ನನ್ನ ತಲೆಯ ಮೇಲಿಂದಲೇ ಕೂಗಿ ಪೂರಿಗಾಲಿಯವನನ್ನು ಕರೆದ. ಅವನು ನೆಕ್ಕಿ, "ಅದ್ವಾಗದೆ ಕಣಣ್ಣ, ಇಳ್ಸು" ಅಂದ. ನನ್ನ ಮಾತು, ನನ್ನ ಎದುರಿಗೇ! ತಡೆಯಲಾಗದೆ ಎದ್ದು ಅಂಗೈ ಚಾಚಿ, ಬಿಟ್ಟ ಸಾರನ್ನು ನೆಕ್ಕಿದೆ.

"ಏನ್ ಅದ್ವಲಾ? ಉಪ್ಪೇ ಇಲ್ಲ!"

ಅಡುಗೆಯವನು ಪೂರಿಗಾಲಿಯವನ ಮುಖ ನೋಡಿದ.

"ದೊಡ್ಡೋರು ಯೋಳ್ತಾವ್ರೆ, ಉಪ್ಪಾಕಣ್ಣ" ಅಂದ ಅವನು.

ಅಡುಗೆಯವನು ಉಪ್ಪಿನ ಡಬ್ಬಕ್ಕೆ ಕೈ ಹಾಕಿ, ಮುಷ್ಟಿಯನ್ನು ಹಬೆಯ ಮೇಲೆ ಆಡಿಸಿ, ಸಾರು ತಿರುವಿ ಮತ್ತೆ ನನ್ನ ಅಂಗೈಗೆ ಬಿಟ್ಟ. "ಈಗ್ ಸರೋಯ್ತು, ಇಳ್ಸು" ಅಂದೆ. ಪೂರಿಗಾಲಿಯವನು ನೆಲ ನೋಡುತ್ತಾ ನಿಂತಿದ್ದ. ಅವತ್ತು ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡೆ.

ಮನೆಗೆ ಬಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಒಲೆಯ ಆಚೆ ಬದಿಯಲ್ಲಿ ಹೆಂಗಸರ ಜೊತೆ ಮುದ್ದೆ ಕಟ್ಟುತ್ತಿದ್ದವಳು ಅವಳು. ನನ್ನನ್ನೇ ನೋಡಿದಳು.

"ಎಲ್ ಉಪ್ಪಾಕ್ದ? ಬರೀ ಕೈ ಆಡುಸ್ದ. ನಿಮ್ ನಾಲ್ಗೇಲಿ ರುಚಿ ಓಗಿ ಬಾಳ ದಿನ ಆಯ್ತು ಕಣ್ರೀ. ಬೀದಿಗೆಲ್ಲ ಗೊತ್ತು."

"ಮತ್ಯಾಕೆ ಒಬ್ರೂ ಯೋಳ್ನಿಲ್ಲ?"

"ಯೋಳಕ್ಕೆ ವೊಂಟಿದ್ರು. ಆ ಪೂರಿಗಾಲಿ ಉಡ್ಗ ಬುಡ್ನಿಲ್ಲ. ಮೊಕಕ್ ಯೋಳ್ಬ್ಯಾಡಿ, ದೊಡ್ಡೋರು ನೊಂದ್ಕತರೆ, ಉಪ್ಪಿಲ್ಲ ಅಂದ್ರೆ ಸುಮ್ಕೆ ಕೈ ಆಡ್ಸಿ ಅಂತ ಅಡುಗೆಯವ್ರಿಗೆ ಅವ್ನೇ ಯೋಳ್ಕೊಟ್ಟಿರದು."

ನನ್ನ "ಇಳ್ಸು" ಕಸಿದುಕೊಂಡ ಕಳ್ಳ ಅಂತ ಅವನನ್ನು ಶಪಿಸಿಕೊಂಡು ಹೇಗೋ ಸುಖವಾಗಿದ್ದೆ. ಈಗ ಅವನು ಒಳ್ಳೆಯವನು ಅಂತಲೂ ಆಯಿತು. ಹೊಟ್ಟೆಕಿಚ್ಚು ತಣ್ಣಗಾಗುವುದಿರಲಿ, ಇನ್ನಷ್ಟು ಹತ್ತಿಕೊಂಡಿತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಶಾಮಿಯಾನದ ನಡುವೆ ನಿಂತು, ಬೀಗರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ: "ಈ ಮುದ್ಕನ್ ನಾಲ್ಗೆ ಸತ್ತೋಗದೆ, ಆಚೆಗ್ ಕಳ್ಸ್ರಲಾ!"