ಚಿಕ್ಕಪ್ಪ ಪೈಪು ಸೇದಲು ಕಲಿತ ಬೇಸಿಗೆ

ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೊಗೆಸೊಪ್ಪಿನ ಅಂಗಡಿಯೊಂದಿದೆ. ಅದರ ಮುಂದೆ ಹಾದುಹೋಗುವಾಗೆಲ್ಲ ನನ್ನ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಒದ್ದೆ ಎಲೆ, ಹಳೆಯ ಬೆಲ್ಲ, ಒಣದ್ರಾಕ್ಷಿ ಮೂರನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟು ತೆರೆದ ಹಾಗಿನ ವಾಸನೆ ಅದು. ಸಿಗರೇಟಿನ ಹೊಗೆ ನನಗೆ ಆಗದು. ಆದರೆ ಈ ವಾಸನೆ ಮೂಗಿಗೆ ತಾಗಿದರೆ ಸಾಕು, ಹಲಸೂರಿನ ನಮ್ಮ ಹೆಂಚಿನ ಮನೆ, ಅದರ ಹಿತ್ತಿಲು, ಹಿತ್ತಿಲಿನ ಕೋಣೆಯ ಮುಂದೆ ಬೆತ್ತದ ಕುರ್ಚಿಯಲ್ಲಿ ಕೂತ ಡೆನ್ನಿಸ್ ಅಂಕಲ್ ಎಲ್ಲ ಒಟ್ಟಿಗೇ ಎದ್ದು ಬರುತ್ತಾರೆ. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ, ಕೆಳಗೆ ಟೈಲ್ಸ್ ಅಂಗಡಿ. ನಿಮ್ಮ ಬಾಲ್ಯದ ಮನೆಯೂ ಹೀಗೆ ಯಾವುದೋ ಅಂಗಡಿಯ ಅಡಿಗೆ ಹೋಗಿದ್ದರೆ, ಅಲ್ಲಿ ನಿಂತು ಬಾಗಿಲು ಎಲ್ಲಿತ್ತೆಂದು ಅಂದಾಜು ಮಾಡುವ ಸಂಕಟ ನಿಮಗೂ ಗೊತ್ತಿರುತ್ತದೆ.

ಡೆನ್ನಿಸ್ ಅಂಕಲ್ ನಮ್ಮ ಬಾಡಿಗೆದಾರರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾಗಿದ್ದ ಆಂಗ್ಲೋ ಇಂಡಿಯನ್. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಹುಟ್ಟುವ ಮೊದಲಿಂದಲೂ ಹಿತ್ತಿಲಿನ ಕೋಣೆಯಲ್ಲಿದ್ದವರು. ನಮ್ಮ ಅಜ್ಜಿಯನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಅಜ್ಜಿ ಮುದ್ದೆ ಮಾಡಿದ ದಿನ ಅವರಿಗೊಂದು ತಟ್ಟೆ ಹೋಗುತ್ತಿತ್ತು. ಕ್ರಿಸ್‌ಮಸ್‌ಗೆ ಅವರ ಕೇಕು ನಮ್ಮ ಅಡುಗೆಮನೆಗೆ ಬರುತ್ತಿತ್ತು. ನನಗೆ ಇಂಗ್ಲಿಷ್ ಓದಲು ಕಲಿಸಿದವರೂ ಅವರೇ.

ನನಗೆ ಹನ್ನೊಂದು ವರ್ಷವಾಗಿದ್ದ ಆ ಬೇಸಿಗೆಯಲ್ಲಿ ರಾಮು ಚಿಕ್ಕಪ್ಪನಿಗೆ ಕಂಟೋನ್ಮೆಂಟಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ದೊಡ್ಡ ಸಾಹೇಬರು ಪೈಪು ಸೇದುತ್ತಿದ್ದರಂತೆ. ಚಿಕ್ಕಪ್ಪನಿಗೂ ಅದನ್ನು ಕಲಿಯುವ ಹುಚ್ಚು ಹಿಡಿಯಿತು. ಮನೆಯಲ್ಲೊಂದು ಪೈಪು ಇತ್ತು. ತಾತ ಒಬ್ಬ ಇಂಗ್ಲಿಷ್ ಅಧಿಕಾರಿಯ ಬಂಗಲೆಯಲ್ಲಿ ತೋಟದ ಕೆಲಸ ಮಾಡಿದವರು. ಆ ಅಧಿಕಾರಿ ಊರು ಬಿಡುವಾಗ ಅದನ್ನು ತಾತನ ಕೈಗಿಟ್ಟು ಹೋಗಿದ್ದ. ಅಜ್ಜಿ ಅದನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಳು. ವರ್ಷಕ್ಕೊಮ್ಮೆ ತಾತನಿಗೆ ಎಡೆ ಇಡುವ ದಿನ ಮಾತ್ರ ಅದು ಹೊರಗೆ ಬಂದು ಫೋಟೋದ ಮುಂದೆ ಕೂರುತ್ತಿತ್ತು. ಅಜ್ಜಿ ಸಂತೆಗೆ ಹೋದ ಒಂದು ಮಧ್ಯಾಹ್ನ ಚಿಕ್ಕಪ್ಪ ಅದನ್ನು ತೆಗೆದ. ನೋಡಿದವಳು ನಾನೊಬ್ಬಳೇ. ಕಲಿಸಿಕೊಡಿ ಎಂದು ಅದನ್ನು ಪೈಪು ಸೇದಿ ಬಲ್ಲ ಡೆನ್ನಿಸ್ ಅಂಕಲ್ ಹತ್ತಿರ ಒಯ್ದ.

"ಇದು ಮನೇದು, ನಿಮ್ಮಮ್ಮಂಗೆ ಗೊತ್ತಾ?" ಎಂದು ಡೆನ್ನಿಸ್ ಅಂಕಲ್ ಮೊದಲೇ ಕೇಳಿದ್ದರು. "ಗೊತ್ತು ಅಂಕಲ್, ಕೇಳೇ ತಗೊಂಡೆ" ಎಂದ ಚಿಕ್ಕಪ್ಪ. ಅವರು ನಂಬಿದರು. ಆಮೇಲೆ ಅಜ್ಜಿ ಸಂತೆಗೆ ಹೋಗುವ ಭಾನುವಾರದ ಮಧ್ಯಾಹ್ನಗಳಲ್ಲಿ ಪಾಠಗಳು ಶುರುವಾದವು. ಹೊಗೆಸೊಪ್ಪನ್ನು ಬೆರಳಲ್ಲಿ ಬಿಡಿಸಿ ಪೈಪಿನ ಬಟ್ಟಲಿಗೆ ಉದುರಿಸಬೇಕು, ತುರುಕಬಾರದು. ಅದರ ಮೇಲೆ ಇನ್ನಷ್ಟು ಹಾಕಿ ಮೆಲ್ಲಗೆ ಒತ್ತಬೇಕು. ಮೊದಲ ಬೆಂಕಿಕಡ್ಡಿಗೆ ಅದು ಉಬ್ಬುತ್ತದೆ, ಅದನ್ನು ಒತ್ತಿ ಎರಡನೇ ಕಡ್ಡಿ ಗೀರಬೇಕು. ತುಂಬುವ ಕೆಲಸ ನನ್ನ ಪಾಲಿಗೆ ಬಂತು, ಚಿಕ್ಕಪ್ಪನ ಬೆರಳುಗಳು ಯಾವಾಗಲೂ ಜೋರಾಗಿ ಒತ್ತಿಬಿಡುತ್ತಿದ್ದವು. ಅವನು ಕೆನ್ನೆ ಗುಳಿ ಬೀಳುವಂತೆ ಎಳೆಯುವನು, ನಾಲಿಗೆ ಸುಟ್ಟುಕೊಳ್ಳುವನು, ಕೆಮ್ಮಿ ಕಣ್ಣಲ್ಲಿ ನೀರು ತರಿಸಿಕೊಳ್ಳುವನು. ಅಷ್ಟರಲ್ಲಿ ಪೈಪು ಆರಿರುತ್ತಿತ್ತು.

"ಏನ್ ಮ್ಯಾನ್, ಬೀಡಿ ಎಳ್ದಂಗೆ ಎಳೀತೀಯ! ಬಿಸಿ ಕಾಫಿ ಕುಡಿಯೋ ಥರ ನಿಧಾನಕ್ಕೆ. ಹೊಗೆ ಬಾಯಲ್ಲೇ ಇರ್ಲಿ, ಒಳಗೆ ಬಿಡ್ಬೇಡ" ಎಂದು ಅವರು ನಗುತ್ತಿದ್ದರು. ಮುಗಿದ ಮೇಲೆ ಪೈಪು ತಣ್ಣಗಾಗುವತನಕ ಮುಟ್ಟಬಾರದು, ಬೂದಿ ಉದುರಿಸಲು ಎಲ್ಲೂ ಕುಟ್ಟಬಾರದು ಎಂದು ಪ್ರತಿ ಸಲವೂ ಹೇಳುತ್ತಿದ್ದರು. ನೀಲಿ ಹೊಗೆ ಸೀಬೆ ಮರದ ಕೆಳಗೆ ತೇಲುತ್ತಿರುವಾಗ ದೊಡ್ಡವರ ಗುಟ್ಟಿನಲ್ಲಿ ನನಗೂ ಪಾಲಿದೆಯೆಂಬ ಹೆಮ್ಮೆಯಲ್ಲಿ ನಾನು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಅಷ್ಟು ಸಂತೋಷವಾಗಿ ನಾನು ಮತ್ತೆಲ್ಲೂ ಕೂತ ನೆನಪಿಲ್ಲ.

ಎಡೆಯ ಹಿಂದಿನ ದಿನ ಡೆನ್ನಿಸ್ ಅಂಕಲ್ ಚರ್ಚಿಗೆ ಹೋಗಿದ್ದರು. ಚಿಕ್ಕಪ್ಪ ಒಬ್ಬನೇ ಸೇದಿ, ಅವಸರದಲ್ಲಿ ಬಿಸಿ ಪೈಪನ್ನು ಬಟ್ಟೆ ಒಗೆಯುವ ಕಲ್ಲಿಗೆ ಕುಟ್ಟಿದ. ಕೊಳವೆ ಬುಡದಲ್ಲೇ ಮುರಿಯಿತು. ಎರಡೂ ತುಂಡುಗಳನ್ನು ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸಿದ. "ನಾನೇ ಅಮ್ಮಂಗೆ ಹೇಳ್ತೀನಿ ಪುಟ್ಟಿ, ನೀನು ಬಾಯಿ ಬಿಡ್ಬೇಡ. ದೇವ್ರಾಣೆ ಹೇಳ್ತೀನಿ" ಎಂದು ನನ್ನ ಕೈ ಹಿಡಿದುಕೊಂಡ. ನಾನು ನಂಬಿದೆ.

ಮರುದಿನ ಎಡೆಯ ಮುಂದೆ ಅಜ್ಜಿ ಬಟ್ಟೆ ಬಿಚ್ಚಿದಳು. ಹೊಗೆಸೊಪ್ಪಿನ ವಾಸನೆ ನಡುಮನೆಯಲ್ಲಿ ಹರಡಿತು. "ಯಾರು?" ಎಂದಳು. ಅಷ್ಟೇ. ಚಿಕ್ಕಪ್ಪ ತಲೆ ಎತ್ತದೆ, "ಅಂಕಲ್ ಒಂದ್ಸಲ ನೋಡ್ಬೇಕು ಅಂದ್ರು ಕಣಮ್ಮ, ಕೊಟ್ಟಿದ್ದೆ. ಅವರ ಕೈಲಿ ಮುರೀತೇನೋ" ಎಂದ.

ಅಜ್ಜಿ ಡೆನ್ನಿಸ್ ಅಂಕಲ್‌ರನ್ನು ಕರೆಸಿದಳು. ಅವರು ಮುರಿದ ಪೈಪನ್ನು ನೋಡಿದರು, ಚಿಕ್ಕಪ್ಪನನ್ನು ನೋಡಿದರು, ಆಮೇಲೆ ನನ್ನನ್ನು. ನನ್ನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ನಾನು ಬಾಯಿ ತೆರೆಯಲಿಲ್ಲ. ಚಿಕ್ಕಪ್ಪ ಈಗ ಹೇಳುತ್ತಾನೆ, ಇನ್ನೇನು ಹೇಳುತ್ತಾನೆ ಎಂದು ಕಾಯುತ್ತಲೇ ಇದ್ದೆ. "ತಪ್ಪಾಯ್ತು ಅಮ್ಮ" ಎಂದರು ಅವರು. "ನಂಬಿ ಮನೇಲಿ ಇಟ್ಕೊಂಡಿದ್ದಕ್ಕೆ ಇದಾ?" ಎಂದಳು ಅಜ್ಜಿ. ಹದಿನೈದು ದಿನದಲ್ಲಿ ಅವರು ಕೆ.ಆರ್. ಪುರದ ತಂಗಿಯ ಮಗಳ ಮನೆಗೆ ಹೊರಟರು. ಆಟೋದಲ್ಲಿ ಬೆತ್ತದ ಕುರ್ಚಿಗೆ ಜಾಗವಾಗಲಿಲ್ಲ, ಅದು ಹಿತ್ತಿಲಲ್ಲೇ ಉಳಿಯಿತು. "ಚೆನ್ನಾಗಿ ಓದು ಪುಟ್ಟಿ" ಎಂದು ನನ್ನ ತಲೆ ಸವರಿದರು. ಚಿಕ್ಕಪ್ಪ ಆ ದಿನ ಮನೆಯಲ್ಲಿರಲಿಲ್ಲ. ಮೂರು ತಿಂಗಳಿಗೆ ಅವನ ಮದುವೆಯಾಯಿತು. ಸುಣ್ಣ ಬಳಿದ ಹಿತ್ತಿಲಿನ ಕೋಣೆಗೆ ಹೊಸ ಮಂಚ ಬಂತು. ನಾನು ಚಿಕ್ಕಪ್ಪನ ಜೊತೆ ಮೊದಲಿನಂತೆ ಮಾತಾಡಲೇ ಇಲ್ಲ. ಅವನೂ ಯಾಕೆಂದು ಕೇಳಲಿಲ್ಲ.

ಹತ್ತು ವರ್ಷದ ಮೇಲೆ ಆ ಮನೆ ಕೆಡವಿದಾಗ ನಾವು ಕಗ್ಗದಾಸಪುರಕ್ಕೆ ಬಂದೆವು. ಅಜ್ಜಿ ಹಾಸಿಗೆ ಹಿಡಿದಿದ್ದಳು. ಒಂದು ಬೆಳಿಗ್ಗೆ ಅವಳ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾ ಎದೆಯಲ್ಲಿದ್ದದ್ದನ್ನು ಹೇಳಿಬಿಟ್ಟೆ. ಪೈಪು ಮುರಿದದ್ದು ಚಿಕ್ಕಪ್ಪ, ನಾನು ನೋಡಿಯೂ ಸುಮ್ಮನಿದ್ದೆ, ಡೆನ್ನಿಸ್ ಅಂಕಲ್‌ದು ಏನೂ ತಪ್ಪಿರಲಿಲ್ಲ ಎಂದು ಬಿಕ್ಕಿದೆ.

ಅಜ್ಜಿ ಸೂರು ನೋಡುತ್ತಾ ಮಲಗಿದ್ದಳು. "ಗೊತ್ತಿತ್ತು ಕಣೇ" ಎಂದಳು. "ಎಷ್ಟೋ ದಿನದಿಂದ ಅವನ ಅಂಗಿ ಒಗೀತಿದ್ದೋಳು ನಾನು. ವಾಸನೆ ಗೊತ್ತಾಗಲ್ವಾ?"

"ಮತ್ತೆ ಅವರನ್ನ ಯಾಕಜ್ಜಿ ಕಳಿಸ್ದೆ?"

"ರಾಮು ಮದುವೆಗೆ ರೂಮು ಬೇಕಾಗಿತ್ತು. ಅಷ್ಟು ವರ್ಷ ಇದ್ದೋರಿಗೆ ಎದ್ದೋಗಿ ಅನ್ನೋಕೆ ಬಾಯೇ ಬರ್ತಿರ್ಲಿಲ್ಲ."

ನನ್ನ ಕೈ ನಿಂತುಹೋಯಿತು. ಹೊರಗೆ ಯಾರೋ ಹೂವು ಮಾರುತ್ತಾ ಕೂಗಿಕೊಂಡು ಹೋದರು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಕಾಲನ್ನು ನನ್ನ ಕಡೆ ಸರಿಸಿದಳು. ನಾನು ಅಂಗೈಗೆ ಎಣ್ಣೆ ಹಾಕಿಕೊಂಡೆ, ಬೆಚ್ಚಗಾಗಲೆಂದು ಎರಡೂ ಕೈ ಉಜ್ಜಿದೆ, ಆ ಕಾಲಿಗೂ ತಿಕ್ಕತೊಡಗಿದೆ.